‘ದಿ ಲಿಲಿ’ ಪತ್ರಿಕೆಯ ಸಂಪಾದಕಿ ಯಾರು, ಪಾನನಿರೋಧಕ್ಕೂ ಅದಕ್ಕೂ ಏನು ಸಂಬಂಧ?

ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಊರಿನಿಂದ 1849ರ ಜನವರಿಯಲ್ಲಿ ಹೊರಡತೊಡಗಿದ ಈ ಪತ್ರಿಕೆಯ ಸಂಪಾದಕಿ ಅಮೇಲಿಯಾ ಬ್ಲೂಮರ್ (1818–1894). ಪತ್ರಿಕೆ ನಡೆಸಲು ಮೊದಲು ಮುಂದಾದದ್ದು ಅಲ್ಲಿನ ಮಹಿಳಾ ಪಾನನಿರೋಧ ಸಂಘ. ಸಂಘದ ಉತ್ಸಾಹ ಕುಂದಿದಾಗ, ಚಂದಾ ಹಣ ಆಗಲೇ ಕೈಸೇರಿದ್ದರಿಂದ ಓದುಗರಿಗೆ ಕೊಟ್ಟ ಮಾತು ತಪ್ಪಬಾರದೆಂದು ಬ್ಲೂಮರ್ ಹೊಣೆಯನ್ನು ತಾವೇ ಹೊತ್ತರು.

ವಿವಾಹಿತೆ ದುಡಿದು ತಂದ ಕೂಲಿಯೂ ಕಾನೂನಿನ ಪ್ರಕಾರ ಗಂಡನದೇ ಆಗಿದ್ದ ಕಾಲವದು; ಅವನು ಅದನ್ನು ಕುಡಿದು ಕಳೆದರೂ ಅವಳು ಕೇಳುವಂತಿರಲಿಲ್ಲ. ಹೀಗಾಗಿ ಮದ್ಯದ ವಿರುದ್ಧ ಆರಂಭವಾದ ಬರಹ ಸಹಜವಾಗಿಯೇ ಆಸ್ತಿ, ಶಿಕ್ಷಣ, ಮತದಾನದ ಹಕ್ಕುಗಳತ್ತ ಹೊರಳಿತು. ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಎಲಿಜಬೆತ್ ಕೇಡಿ ಸ್ಟಾಂಟನ್ ಇದರಲ್ಲಿ ‘ಸನ್‌ಫ್ಲವರ್’ ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದರು.

ಮೊಣಕಾಲಿನ ಕೆಳಗಿಳಿಯುವ ಗಿಡ್ಡ ಲಂಗ, ಅದರಡಿ ಕಣಕಾಲಿನವರೆಗಿನ ಸಡಿಲ ಷರಾಯಿ: 1851ರಲ್ಲಿ ಈ ಉಡುಪನ್ನು ಬ್ಲೂಮರ್ ತೊಟ್ಟು ಸಮರ್ಥಿಸಿದರೇ ಹೊರತು ಅದು ಅವರ ಸೃಷ್ಟಿಯಲ್ಲ. ಆದರೂ ಪತ್ರಿಕೆಗಳು ಅದಕ್ಕೆ ಅವರ ಹೆಸರನ್ನೇ ಅಂಟಿಸಿದವು. ಆ ಹೆಸರಿನ ಮರೆಯಲ್ಲಿ ಸಂಪಾದಕಿಯಾಗಿ ಅವರು ಮಾಡಿದ ಕೆಲಸ ಮಸುಕಾದದ್ದು ದೊಡ್ಡ ಅನ್ಯಾಯ. 1850ರ ದಶಕದ ಮಧ್ಯದಲ್ಲಿ, ರೈಲು ಇನ್ನೂ ತಲುಪಿರದ ಅಯೋವಾದ ಕೌನ್ಸಿಲ್ ಬ್ಲಫ್ಸ್‌ಗೆ ನೆಲೆ ಬದಲಿಸಬೇಕಾದಾಗ ಅವರು ಪತ್ರಿಕೆಯನ್ನು ಮಾರಿದರಾದರೂ, ಅಲ್ಲಿಯೂ ಮಹಿಳಾ ಮತಾಧಿಕಾರಕ್ಕಾಗಿ ದುಡಿದರು.