ಟ್ರಂಕಿನ ತಳದಲ್ಲಿ ಸಿಕ್ಕ 1349

ಪ್ರಶ್ನೆ: ಅಕ್ಕೋರೆ, ಅಜ್ಜಿಯ ಟ್ರಂಕಿನ ತಳದಲ್ಲಿ ಒಂದು ಕಸೂತಿ ಬಟ್ಟೆ ಸಿಕ್ಕಿದೆ. ಎ ಯಿಂದ ಝಡ್ ತನಕ ಅಕ್ಷರ, ಒಂದು ಗಿಳಿ, ಅಜ್ಜಿಯ ಹೆಸರು, ಕೆಳಗೆ 1349. ಆರುನೂರು ವರ್ಷ ಹಳೆಯದು, ಲಕ್ಷಗಟ್ಟಲೆ ಬರುತ್ತದೆ ಎನ್ನುತ್ತಾರೆ ಕಾಕಾ. ಒಗೆದು ಫ್ರೇಮ್ ಹಾಕಿಸಲಾ?
– ಓದುಗಿ, ಹುಮನಾಬಾದ್

ಉತ್ತರ: ತಂಗೀ, ಕಾಕಾ ಹೇಳುವುದು ನಿಜವಾದರೆ ನಿಮ್ಮ ಅಜ್ಜಿ ಬಹಮನಿ ಕಾಲದವರು! ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಆ ರಾಜ್ಯ ಶುರುವಾದದ್ದೇ 1347ರಲ್ಲಿ. ಅದು ಇಸವಿ ಅಲ್ಲ, ಫಸಲಿ ಎಂಬ ಬೇರೆ ವರ್ಷಗಣನೆ. ನಿಜಾಮರ ಕಾಲದಲ್ಲಿ ನಮ್ಮ ಕಡೆಯ ಸರ್ಕಾರಿ ಕಾಗದಗಳಲ್ಲಿ ಇದೇ ಲೆಕ್ಕ. 590 ಕೂಡಿಸಿ. 1939 ಬಂತಲ್ವಾ? ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರು, ಹಾಗಾಗಿ 1940 ಕೂಡ ಇರಬಹುದು. ಆಗ ಅಜ್ಜಿಗೆ ಎಷ್ಟು ವಯಸ್ಸು, ಲೆಕ್ಕ ಹಾಕಿ ನೋಡಿ.

ಇಂಥ ಬಟ್ಟೆಗೆ ಸ್ಯಾಂಪ್ಲರ್ ಎನ್ನುತ್ತಾರೆ. ಹುಡುಗಿಯರು ಹೊಲಿಗೆ ಕಲಿಯಲು ಮಾಡುತ್ತಿದ್ದ ಕೆಲಸ. ಇಂಗ್ಲೆಂಡಿನಲ್ಲಿ ಅಕ್ಷರ ಹೊಲಿಯಲು ಕಲಿಸಿದ್ದು ಮನೆಯ ಚಾದರ, ದಿಂಬಿನ ಚೀಲಗಳಿಗೆ ಗುರುತು ಹಾಕಲಿ ಅಂತ. ವರ್ಷ ಹೊಲಿದಿರುವ ಅಲ್ಲಿನ ಸ್ಯಾಂಪ್ಲರ್‌ಗಳಲ್ಲಿ ಉಳಿದಿರುವ ತೀರ ಹಳೆಯದು 1598ರದು, ಜೇನ್ ಬೊಸ್ಟಾಕ್ ಹೊಲಿದದ್ದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನಮ್ಮ ದೇಶದಲ್ಲಿ ಮಿಷನ್ ಶಾಲೆಗಳು ಇದನ್ನು ಕಲಿಸಿದವು. ನಿಮ್ಮ ಗಿಳಿ ಗುಣಾಕಾರದ ಗುರುತಿನ ಹಾಗಿರುವ ಹೊಲಿಗೆಯಲ್ಲಿದ್ದರೆ ಅದು ಕ್ರಾಸ್ ಸ್ಟಿಚ್. ಧಾರವಾಡ ಕಸೂತಿಯ ಮೆಂತೆ ಹೊಲಿಗೆಯೂ ಹಾಗೇ.

ಲಕ್ಷದ ಆಸೆ ಬಿಡಿ. ಒಗೆಯುವ ಆಸೆಯನ್ನಂತೂ ಖಂಡಿತ ಬಿಡಿ. ನಾನು ನಮ್ಮವ್ವನ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿದೆ. ಕೆಂಪು ನೂಲು ಬಣ್ಣ ಬಿಟ್ಟು ನವಿಲಿನ ಕೊರಳೆಲ್ಲ ಗುಲಾಬಿಯಾಯಿತು. ನಲವತ್ತು ವರ್ಷ ಹೊಲಿಗೆ ಕಲಿಸಿದವಳು ನಾನು, ನೋಡಿ! ಧೂಳಿದ್ದರೆ ಮೇಲೆ ಸೊಳ್ಳೆಪರದೆಯ ತುಂಡು ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ವೇಗಕ್ಕಿಟ್ಟು ಹಗುರವಾಗಿ ಧೂಳು ಎಳೆಯಿರಿ. ಅಷ್ಟು ಸಾಕು.

ಫ್ರೇಮ್ ಹಾಕಿಸಿ, ಆದರೆ ಗಾಜು ಬಟ್ಟೆಗೆ ತಾಗಬಾರದು. ರಟ್ಟಿಗೆ ಗೋಂದು ಹಚ್ಚಿ ಅಂಟಿಸಲು ಬಿಡಬೇಡಿ, ಬಟ್ಟೆಯ ಅಂಚನ್ನು ಇನ್ನೊಂದು ಹತ್ತಿ ಬಟ್ಟೆಗೆ ಸಣ್ಣಗೆ ಹೊಲಿಸಿ. ಬಿಸಿಲು ಬೀಳುವ ಗೋಡೆ ಬೇಡ. ನಮ್ಮ ಬೇಸಿಗೆ ಗೊತ್ತಲ್ಲ.

ಅದಕ್ಕೂ ಮುಂಚೆ ಬಟ್ಟೆ ತಿರುಗಿಸಿ ನೋಡಿ. ಬೆಳಕು ತಾಗದ ಹಿಂಬದಿಯಲ್ಲಿ ಮೂಲ ಬಣ್ಣ ಇರುತ್ತದೆ. ಎಲ್ಲಿ ಗಂಟು ಹಾಕಿದರು, ಎಲ್ಲಿ ತಪ್ಪಿ ಬಿಚ್ಚಿ ಮತ್ತೆ ಹೊಲಿದರು, ಎಲ್ಲ ಅಲ್ಲೇ ಕಾಣುತ್ತದೆ. ಆ ಬದಿಯ ಫೋಟೋ ತೆಗೆದಿಟ್ಟು ಆಮೇಲೆ ಫ್ರೇಮಿನ ಅಂಗಡಿಗೆ ಹೋಗಿ.