‘ಬಿಳಿ’ ಎಂದರೆ ಯಾರು?

ನ್ಯೂಜೆರ್ಸಿಯಿಂದ ಓದುಗರೊಬ್ಬರು ಬರೆದಿದ್ದಾರೆ: “ಆಫೀಸಿನಲ್ಲಿ ಯುಗಾದಿ ಬಗ್ಗೆ ಹೇಳುತ್ತಿದ್ದೆ. ಜೊತೆಗೆ ಕೆಲಸ ಮಾಡುವ ಬಿಳಿಯರೊಬ್ಬರು, ‘ನಿಮಗೆಲ್ಲ ಸಂಸ್ಕೃತಿ ಇದೆ. ನಮಗೇನಿದೆ? ನಾವು ಬರೀ ಅಮೆರಿಕನ್ನರು’ ಎಂದರು. ಅವರ ಮುತ್ತಜ್ಜ ಜರ್ಮನಿಯಿಂದ ನೆಬ್ರಾಸ್ಕಾಗೆ ಬಂದವರಂತೆ. ಪಾಪ ಅನ್ನಿಸಿತು. ಆದರೆ ಆ ಮಾತಲ್ಲಿ ಏನೋ ಸರಿಯಿಲ್ಲ ಅಂತಲೂ ಅನ್ನಿಸಿತು. ಏನದು?”

ಸಂಪಾದಕರ ಉತ್ತರ:

ನಿಮಗೆ ಅನ್ನಿಸಿದ್ದು ಎರಡೂ ನಿಜ.

‘ನಾನು ಬರೀ ಅಮೆರಿಕನ್’ ಎಂದು ನೀವು ಹೇಳಿದ್ದರೆ, ‘ಅದು ಸರಿ, ಮೂಲ ಯಾವುದು?’ ಎಂದು ಕೇಳುತ್ತಿದ್ದರು ಅಲ್ವಾ? ಅವರನ್ನು ಯಾರೂ ಕೇಳುವುದಿಲ್ಲ. ಬಿಳಿಯಾಗಿರುವುದೇ ಅಲ್ಲಿ ಮಾಮೂಲು, ‘ಮೂಲ’ ಉಳಿದವರಿಗಷ್ಟೇ. ಕ್ರೇಯೋಲಾ ಕಂಪನಿ ತಿಳಿ ಗುಲಾಬಿ ಬಣ್ಣದ ಕಡ್ಡಿಯೊಂದನ್ನು ‘ಮೈಬಣ್ಣ’ ಎಂದೇ ಮಾರುತ್ತಿತ್ತು. ಅದಕ್ಕೆ ‘ಪೀಚ್’ ಎಂಬ ಹೆಸರು ಬಂದಿದ್ದು 1962ರಲ್ಲಿ. ಅಲ್ಲಿಯವರೆಗೆ ಕಪ್ಪು ಮಗುವೂ ಅದೇ ಕಡ್ಡಿ ಹಿಡಿದು ‘ಮೈಬಣ್ಣ’ ಬಳಿಯಬೇಕಿತ್ತು.

ಇದು ತಾನಾಗಿ ಆದದ್ದಲ್ಲ. ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯರು’ ಮಾತ್ರ ಪ್ರಜೆಗಳಾಗಬಹುದು ಎಂದು ಅಮೆರಿಕ 1790ರಲ್ಲೇ ಕಾನೂನು ಮಾಡಿತು. ಆದರೆ ಬಿಳಿ ಎಂದರೆ ಯಾರು? 1922ರಲ್ಲಿ ಜಪಾನಿನ ತಕಾವೊ ಒಜಾವಾ ಪೌರತ್ವ ಕೇಳಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಈ ಪ್ರಶ್ನೆ ಎತ್ತಿದರು. ಅಮೆರಿಕದಲ್ಲೇ ಓದಿದವರು, ಮನೆಯಲ್ಲೂ ಇಂಗ್ಲಿಷ್ ಮಾತಾಡುತ್ತಿದ್ದವರು. ಬಿಳಿ ಎಂದರೆ ಬರೀ ಚರ್ಮದ ಬಣ್ಣವಲ್ಲ, ‘ಕಕೇಷಿಯನ್’ ಕುಲ, ಅಂದರೆ ಆಗಿನ ಪಂಡಿತರು ಯುರೋಪಿನವರನ್ನು ಸೇರಿಸಿದ್ದ ಜನಾಂಗ; ನೀವು ಅದಕ್ಕೆ ಸೇರಿದವರಲ್ಲ ಎಂದಿತು ಕೋರ್ಟು. ಮೂರೇ ತಿಂಗಳಿಗೆ, 1923ರ ಫೆಬ್ರುವರಿಯಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂದ್ ಅವರ ಕೇಸು ಬಂತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಉತ್ತರ ಭಾರತದವರು ಕಕೇಷಿಯನ್ನರೇ ಎಂದು ಆಗಿನ ಪಂಡಿತರೇ ಹೇಳುತ್ತಿದ್ದರಲ್ಲ, ಅದನ್ನೇ ಹಿಡಿದುಕೊಂಡರು. ಆಗ ಕೋರ್ಟು ಪಂಡಿತರನ್ನು ಪಕ್ಕಕ್ಕಿಟ್ಟು, ಸಾಮಾನ್ಯ ಜನರ ಮಾತಿನಲ್ಲಿ ಇವರು ಬಿಳಿಯರಲ್ಲ ಎಂದಿತು. ಎರಡೂ ತೀರ್ಪು ಬರೆದವರು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್‌ಲೆಂಡ್. ಅವರೂ ಹೊರಗಿನಿಂದ ಬಂದವರೇ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ! ಆದರೆ ಅವರ ಮೂಲ ಯಾರಿಗೂ ಅಡ್ಡ ಬರಲಿಲ್ಲ.

ಆಮೇಲೆ ಆಗಲೇ ಪೌರತ್ವ ಸಿಕ್ಕಿದ್ದ ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯ್ ಪೌರತ್ವ, ಆಸ್ತಿ ಎಲ್ಲ ಕಳೆದುಕೊಂಡು 1928ರಲ್ಲಿ ಪ್ರಾಣ ಬಿಟ್ಟರು.

ಥಿಂದ್ ಅವರ ವಾದದಲ್ಲಿ ನನ್ನನ್ನು ಕಾಡುವ ಮಾತೊಂದಿದೆ. ಬಿಳಿಯರು ಕಪ್ಪು ಜನರೊಡನೆ ಹೇಗೆ ಮದುವೆ ಸಂಬಂಧ ಬೆಳೆಸುವುದಿಲ್ಲವೋ, ಮೇಲ್ಜಾತಿಯ ಭಾರತೀಯರೂ ಇಲ್ಲಿನ ಆದಿವಾಸಿಗಳನ್ನು ಹಾಗೇ ದೂರ ಇಡುತ್ತಾರೆ ಎಂದು ಅವರ ಪರವಾಗಿ ವಾದಿಸಿದ್ದರು. ಅಂದರೆ ‘ನಾವೂ ನಿಮ್ಮಂಥವರೇ, ಒಳಗೆ ಬಿಡಿ’ ಎಂಬ ಮನವಿ. ಆ ಬಾಗಿಲು ಯಾಕಿರಬೇಕು ಎಂದು ಕೇಳಲಿಲ್ಲ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ‘ನೀವು ಯಾವ ಜನ?’ ಎಂದು ನನ್ನನ್ನೂ ಕೇಳಿದ್ದಾರೆ. ಉತ್ತರ ಹೇಳಲು ಒಮ್ಮೆಯೂ ಭಯವಾಗಿಲ್ಲ. ಹಾಗಾಗಿಯೇ ಎಷ್ಟೋ ವರ್ಷ, ‘ನಾನು ಜಾತಿ ನೋಡೋದಿಲ್ಲ’ ಎಂದು ಸಲೀಸಾಗಿ ಹೇಳಿಕೊಂಡು ಓಡಾಡಿದೆ. ಎಲ್ಲಿ ಹೋದರೂ ಜಾತಿ ನೆನಪಿಸುವವರು ಎದುರಾಗುವ ನನ್ನ ಗೆಳೆಯನಿಗೆ ಆ ಮಾತು ಆಡುವ ಅನುಕೂಲವೇ ಇರಲಿಲ್ಲ. ನಿಮ್ಮ ಜೊತೆಯವರ ‘ನಮಗೇನಿದೆ?’ ಎಂಬ ಮಾತು ಕೇಳಿದಾಗ ನನಗೆ ನೆನಪಾಗಿದ್ದು ಇದೇ.

ಇನ್ನು ಪಾಪ ಅನ್ನಿಸಿದ್ದು. ಅದೂ ಸುಳ್ಳಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಾತಾಡುವವರನ್ನು ಕಂಡರೆ ಅಲ್ಲಿ ಅನುಮಾನ. 1919ರಲ್ಲಿ ನೆಬ್ರಾಸ್ಕಾ ರಾಜ್ಯ ಸಣ್ಣ ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವುದನ್ನೇ ನಿಷೇಧಿಸಿತು. ಜರ್ಮನ್ ಕಲಿಸಿದ ರಾಬರ್ಟ್ ಮೇಯರ್ ಎಂಬ ಮೇಷ್ಟ್ರಿಗೆ 25 ಡಾಲರ್ ದಂಡ ಬಿತ್ತು. ಸುಪ್ರೀಂ ಕೋರ್ಟು ಆ ಕಾನೂನನ್ನು ರದ್ದು ಮಾಡಿದ್ದು ಅದೇ 1923ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಜರ್ಮನ್ ಮಾತು ನಿಂತೇ ಹೋಗಿತ್ತು. ‘ಬರೀ ಅಮೆರಿಕನ್’ ಆಗಲು ಆ ಮನೆಗಳವರು ತೆತ್ತ ಬೆಲೆ ಅದು.

ಮತ್ತೆ ಮಾತಿಗೆ ಸಿಕ್ಕಾಗ ಅವರನ್ನು ಕೇಳಿ, ಮುತ್ತಜ್ಜನ ಮನೆಯಲ್ಲಿ ಜರ್ಮನ್ ನಿಂತದ್ದು ಯಾವಾಗ ಎಂದು. ಥಿಂದ್ ಅವರ ಕಥೆಯನ್ನೂ ಹೇಳಿ. ಅವರು ಏನೆಂದರು ಎಂದು ನಮಗೆ ಬರೆಯಿರಿ.