ಗಾಳಿ ಇಳಿಸಿದರೆ ಸೊಂಟ ಉಳಿಯುತ್ತಾ?

ಪ್ರಶ್ನೆ: ಹದಿನಾರು ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ದಿನಕ್ಕೆ ಎಂಟು ಗಂಟೆ ಸ್ಟೇರಿಂಗ್ ಹಿಡಿದಿರುತ್ತೇನೆ, ಅದರಲ್ಲಿ ಎರಡು ಗಂಟೆ ಬರೀ ಗುಂಡಿ. ಸಂಜೆ ಇಳಿದರೆ ಸೊಂಟ ನೆಟ್ಟಗಾಗುವುದಿಲ್ಲ. ಜೊತೆಯ ಚಾಲಕ ‘ಟೈರಿಗೆ ಇಪ್ಪತ್ತು ಪೌಂಡು ಗಾಳಿ ಕಡಿಮೆ ಹಾಕಿಸು, ಗಾಡಿ ಮೆತ್ತಗೆ ಹೋಗುತ್ತೆ’ ಅಂತಾನೆ. ಮಾಲೀಕರು ‘ಗಾಳಿ ಜಾಸ್ತಿ ಇದ್ದಷ್ಟೂ ಒಳ್ಳೇದು, ಡೀಸೆಲ್ ಉಳಿಯುತ್ತೆ’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಪೂರ್ತಿ ಕೇಳಬೇಡಿ. ಮೊದಲು ಆ ಎರಡು ಗಂಟೆಯ ಲೆಕ್ಕ ನೋಡೋಣ.

ವಾಹನ ಪರೀಕ್ಷೆಯ ಕೆಲಸದಲ್ಲಿದ್ದಾಗ ನಾನು ಚಾಲಕರ ಸೀಟಿನ ಕುಲುಕಾಟ ಅಳೆಯುತ್ತಿದ್ದೆ. ಸೀಟಿನ ಮೇಲೆ ಚಪ್ಪಟೆ ರಬ್ಬರ್ ಬಿಲ್ಲೆ ಇಡುತ್ತೇವೆ, ಚಾಲಕ ಅದರ ಮೇಲೆ ಕೂರುತ್ತಾನೆ. ಬಿಲ್ಲೆಯ ಹೊಟ್ಟೆಯಲ್ಲಿರುವ ಸೆನ್ಸರ್ ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡಕ್ಕೆ-ಬಲಕ್ಕೆ ಎಷ್ಟು ಅಲುಗಿತು ಅಂತ ಬರೆದುಕೊಳ್ಳುತ್ತದೆ. ಬರುವ ಅಂಕಿಯ ಮಾನ ‘ಮೀಟರ್ ಪ್ರತಿ ಸೆಕೆಂಡ್ ವರ್ಗ’. ಯುರೋಪಿನ ಒಕ್ಕೂಟ 2002ರಲ್ಲಿ ಮಾಡಿದ ನಿಯಮದ ಪ್ರಕಾರ, ಎಂಟು ಗಂಟೆಯ ಲೆಕ್ಕದಲ್ಲಿ ಇದು 0.5 ದಾಟಿದರೆ ಕೆಲಸ ಕೊಟ್ಟವರು ಕುಲುಕಾಟ ಇಳಿಸಲು ಕ್ರಮ ತಗೊಳ್ಳಬೇಕು. 1.15 ದಾಟಲೇಬಾರದು.

ನಿಮ್ಮ ಆರು ಗಂಟೆಯ ಒಳ್ಳೆಯ ರಸ್ತೆ 0.4 ಕೊಡುತ್ತದೆ, ಎರಡು ಗಂಟೆಯ ಗುಂಡಿ 0.9 ಕೊಡುತ್ತದೆ ಅಂತಿಟ್ಟುಕೊಳ್ಳಿ. ಎರಡನ್ನೂ ಸುಮ್ನೆ ಕೂಡಿಸಿ ಭಾಗಿಸುವ ಹಾಗಿಲ್ಲ. ಕುಲುಕಾಟದ ವರ್ಗವನ್ನು ಹೊತ್ತಿನಿಂದ ಗುಣಿಸಿ, ಎರಡನ್ನೂ ಕೂಡಿಸಿ, ಎಂಟು ಗಂಟೆಯಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ಹಾಗೆ ಮಾಡಿದರೆ ದಿನದ ಅಂಕಿ 0.57ರ ಹತ್ತಿರ ಬರುತ್ತದೆ. ಅದರಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಭಾಗ ಆ ಎರಡೇ ಗಂಟೆಯದ್ದು! ಕುಲುಕಾಟ ಎರಡರಷ್ಟಾದರೆ ದೇಹಕ್ಕೆ ಅದು ನಾಲ್ಕರಷ್ಟು ಹೊತ್ತು ಕೂತ ಲೆಕ್ಕ. ಅದಕ್ಕೇ ಹೇಳಿದ್ದು, ನಿಮ್ಮ ಗಮನ ಆ ಎರಡು ಗಂಟೆಯ ಮೇಲಿರಲಿ. ಉಳಿದ ಆರು ಗಂಟೆ ಎಷ್ಟು ಸುಧಾರಿಸಿದರೂ ಸಿಗುವುದು ಅಷ್ಟಕ್ಕಷ್ಟೆ.

ಈಗ ಗಾಳಿಯ ವಿಚಾರ. ಟೈರ್ ಅಂದರೆ ಅದೂ ಒಂದು ಸ್ಪ್ರಿಂಗೇ. ಗಾಳಿ ಜಾಸ್ತಿಯಾದರೆ ಗಡುಸು, ಕಡಿಮೆಯಾದರೆ ಮೆತ್ತಗೆ. ಲಾರಿಯ ಪಟ್ಟಿ ಸ್ಪ್ರಿಂಗಿಗೆ ಇನ್ನೊಂದು ಗುಣ ಇದೆ. ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಂಡು ಹಿಡಿದಿರುತ್ತವೆ. ಸಣ್ಣಪುಟ್ಟ ತರಿಗಳಿಗೆ ಆ ಹಿಡಿತ ಬಿಡುವುದೇ ಇಲ್ಲ. ಪಟ್ಟಿಗಳ ನಡುವೆ ತುಕ್ಕು ಹಿಡಿದಿದ್ದರಂತೂ ಕೇಳಲೇಬೇಡಿ. ಆಗ ಇಡೀ ಲಾರಿ ನಿಂತಿರುವುದು ಟೈರಿನ ಗಾಳಿಯ ಮೇಲೆ ಮಾತ್ರ. ಅಂದರೆ ಸಣ್ಣ ತರಿಯ ರಸ್ತೆಯಲ್ಲಿ ನಿಮ್ಮ ಜೊತೆಗಾರ ಹೇಳಿದ್ದು ಸುಳ್ಳಲ್ಲ, ಗಾಳಿ ಇಳಿಸಿದರೆ ಗಡಗಡ ಕಡಿಮೆಯಾಗುತ್ತದೆ.

ಆದರೆ ಸೊಂಟ ಮುರಿಯುವುದು ಆ ಗಡಗಡ ಅಲ್ಲ. ಕೂತ ಮನುಷ್ಯನ ಬೆನ್ನುಮೂಳೆ ಸೆಕೆಂಡಿಗೆ ನಾಲ್ಕರಿಂದ ಆರು ಸಲ ಮೇಲೆ-ಕೆಳಗೆ ಕುಣಿಸಿದಾಗ ಹೆಚ್ಚು ಒದ್ದಾಡುತ್ತದೆ. ಎರಡು ಮೀಟರಿಗೊಂದು ಏರಿಳಿತ ಇರುವ ರಸ್ತೆಯಲ್ಲಿ 36 ಕಿ.ಮೀ. ವೇಗದಲ್ಲಿ ಹೋದರೆ ಸೆಕೆಂಡಿಗೆ ಐದು ಏಟು, ಲೆಕ್ಕ ಸರಿಯಾಗಿ ಅಲ್ಲಿಗೇ ಕೂರುತ್ತದೆ. ಇಂಥ ಏರಿಳಿತದಲ್ಲೂ ದೊಡ್ಡ ಗುಂಡಿಯಲ್ಲೂ ಹತ್ತಿಪ್ಪತ್ತು ಪೌಂಡು ಗಾಳಿ ಇಳಿಸಿದರೆ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ. ಅಲ್ಲಿ ಕೈಗೆ ಸಿಗುವ ಹತೋಟಿ ವೇಗ. ಒಂದೇ ರಸ್ತೆಯಲ್ಲಿ ಒಂದು ವೇಗಕ್ಕೆ ಕುಣಿತ ಇದ್ದಕ್ಕಿದ್ದಂತೆ ಏರುವುದನ್ನು ನೀವೂ ನೋಡಿರುತ್ತೀರಿ. ಆ ವೇಗದಲ್ಲಿ ನಿಲ್ಲಬೇಡಿ, ಅದರ ಕೆಳಗೆ ಇಳಿಸಿ. ಮೇಲಕ್ಕೆ ಹೋದರೆ ಕುಣಿತ ಹಗುರಾದಂತೆ ಅನಿಸಬಹುದು, ಆದರೆ ಟೈರ್ ಆಗಾಗ ನೆಲ ಬಿಡುತ್ತಿರಬಹುದು. ಬ್ರೇಕು ಒತ್ತಿದಾಗ ಗೊತ್ತಾಗುತ್ತದೆ.

ಗಾಳಿ ಇಳಿಸಿದ್ದಕ್ಕೆ ತೆರುವ ಬೆಲೆಯೂ ಕಡಿಮೆಯಲ್ಲ. ಲೋಡ್ ಹೊತ್ತ ಟೈರಿನಲ್ಲಿ ಗಾಳಿ ಕಡಿಮೆಯಾದರೆ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಒಳಗೆ ಬಿಸಿ ಏರುತ್ತದೆ, ಕೊನೆಗೆ ಒಡೆಯುತ್ತದೆ. ಜೋಡಿ ಟೈರಿನಲ್ಲಿ ಒಂದಕ್ಕೆ ಕಡಿಮೆ ಇದ್ದರೆ ಪಕ್ಕದ್ದು ಇಬ್ಬರ ಭಾರ ಹೊರುತ್ತದೆ. ಹೊರಗಿನ ಟೈರಿಗೆ ಒಂದು ಬಡಿದು, ಒಳಗಿನದನ್ನು ಮುಟ್ಟಿಯೂ ನೋಡದೆ ಹೊರಡುವವರು ಎಷ್ಟು ಜನ!

ಬೆಂಕಿ ಕಾರುವ ಮಧ್ಯಾಹ್ನ ಗಾಡಿ ನಿಲ್ಲಿಸಿ ಗೇಜ್ ಹಚ್ಚಿ ‘ಅಯ್ಯೋ ಜಾಸ್ತಿಯಾಗಿದೆ’ ಅಂತ ಗಾಳಿ ಬಿಡುವುದು ಇನ್ನೊಂದು ತಪ್ಪು. ಓಡಿ ಬಿಸಿಯಾದ ಟೈರಿನಲ್ಲಿ ಗಾಳಿ ಹತ್ತರಿಂದ ಹದಿನೈದು ಶೇಕಡಾ ಏರುವುದು ಸಹಜ. ಆಗ ಬಿಟ್ಟರೆ ಬೆಳಿಗ್ಗೆ ತಣ್ಣಗಾದ ಮೇಲೆ ಕೊರತೆ. ಅಳೆಯುವುದು ತಣ್ಣಗಿದ್ದಾಗ, ಅಳತೆ ಟೈರ್ ಕಂಪನಿಯ ಪಟ್ಟಿಯಲ್ಲಿ ಆ ಲೋಡಿಗೆ ಇರುವಷ್ಟು. ಮಾಲೀಕರಿಗೆ ಇದೇ ಉತ್ತರ: ಪಟ್ಟಿಗಿಂತ ಜಾಸ್ತಿ ತುಂಬಿದ್ದಕ್ಕೆ ಚಾಲಕನ ಬೆನ್ನು ಕಂತು ಕಟ್ಟುತ್ತದೆ. ಟೈರೂ ನಡುಮಧ್ಯದಲ್ಲೇ ಸವೆಯುತ್ತದೆ.

ಓಡುತ್ತಲೇ ಗಾಳಿ ಏರಿಸಿ ಇಳಿಸುವ ಗಾಡಿಗಳು ಇಲ್ಲವೇ ಅಂದರೆ ಇವೆ. ಎರಡನೇ ಮಹಾಯುದ್ಧದಲ್ಲಿ ಬಳಸಿದ, ನೀರಿನಲ್ಲೂ ನೆಲದಲ್ಲೂ ಓಡುತ್ತಿದ್ದ ಅಮೆರಿಕದ ‘ಡಕ್’ ಲಾರಿಯಲ್ಲೇ ಚಾಲಕ ಕೂತಲ್ಲಿಂದ ಟೈರ್ ಗಾಳಿ ಬದಲಿಸಬಹುದಿತ್ತು. ಆಮೇಲೆ ಕಾಡಿನಲ್ಲಿ ಮರ ಸಾಗಿಸುವ ಲಾರಿಗಳಿಗೂ ಅಂಥ ವ್ಯವಸ್ಥೆ ಬಂತು. ಅಲ್ಲಿ ವೇಗ ಕಡಿಮೆ, ಟಾರು ರಸ್ತೆಗೆ ಬಂದ ಕೂಡಲೇ ಗಾಳಿ ಮತ್ತೆ ತುಂಬುತ್ತದೆ. ನಿಮ್ಮ ಜೊತೆಗಾರ ವಾಲ್ವ್ ಒತ್ತಿ ಬಿಟ್ಟ ಗಾಳಿ ತಾನಾಗಿ ವಾಪಸ್ ಬರುವುದಿಲ್ಲ, ಅಲ್ವಾ?

ಹಾಗಾದರೆ ಮಾಡುವುದೇನು? ಸೀಟು ನೋಡಿ. ಒಮ್ಮೆ ಒಬ್ಬ ಚಾಲಕನ ಸೀಟಿನಲ್ಲಿ ಬಿಲ್ಲೆ ಇಟ್ಟಿದ್ದೆ. ಸಪೂರ ಆಳು. ಸಾಧಾರಣ ರಸ್ತೆಯಲ್ಲೂ ಅಂಕಿ ಹಾರುತ್ತಿತ್ತು. ಇಳಿದು ಸೀಟಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ ಕೂರುವವರ ತೂಕಕ್ಕೆ ಸೀಟು ಹೊಂದಿಸುವ ನಾಬ್ ಕೊನೆಯ ಗುರುತಿಗೆ ತಿರುಗಿ ನಿಂತಿದೆ. ಧೂಳು, ಗ್ರೀಸು ಗಟ್ಟಿಯಾಗಿ ಕಲ್ಲಾಗಿದೆ. ಹಿಂದೆ ಓಡಿಸುತ್ತಿದ್ದ ಭಾರೀ ಮನುಷ್ಯ ಇಟ್ಟು ಹೋದ ಜಾಗ ಅದು. ಇವನು ಮೂರು ವರ್ಷ ಮುಟ್ಟಿಲ್ಲ. ಅದಕ್ಕೊಂದು ನಾಬ್ ಇದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಇಕ್ಕಳದಲ್ಲಿ ಹಿಡಿದು ಸಡಿಲಿಸಿ ಅವನ ತೂಕಕ್ಕೆ ತಂದೆವು. ಅದೇ ದಾರಿಯಲ್ಲಿ ವಾಪಸ್ ಬರುವಾಗ ‘ಸಾರ್, ಗಾಡಿ ಬದಲಾಯಿಸಿದ್ರಾ?’ ಅಂದ.

ನಿಮ್ಮದನ್ನೂ ನೋಡಿ. ನೀವು ಕೂತಾಗ ಸೀಟು ತನ್ನ ಮೇಲೆ-ಕೆಳಗಿನ ಓಟದ ನಡುಮಧ್ಯದಲ್ಲಿ ನಿಲ್ಲಬೇಕು. ಕೆಳಗೆ ಧಡ್ ಅಂತ ತಗುಲುತ್ತಿದ್ದರೆ ಆ ಒಂದೊಂದು ಏಟೂ ಬೆನ್ನಿಗೆ ನೂರು ಸಣ್ಣ ಕುಲುಕಿಗಿಂತ ಕೆಟ್ಟದ್ದು.

ಪ್ರಶ್ನೆ: ಲೋಡ್ ಇಳಿಸಿ ಖಾಲಿ ಬರುವಾಗಲೇ ಜಾಸ್ತಿ ಎತ್ತಿ ಹಾಕುತ್ತದೆ. ಹಗುರವಾದ ಗಾಡಿ ಮೆತ್ತಗೆ ಹೋಗಬೇಕಲ್ಲವೇ?

ಉತ್ತರ: ಸ್ಪ್ರಿಂಗು ಕಟ್ಟಿರುವುದು ತುಂಬಿದ ಲೋಡಿಗೆ. ಹಿಂದಿನ ಅಚ್ಚಿನ ಮೇಲಿನ ಭಾರ ಕಾಲು ಭಾಗಕ್ಕೆ ಇಳಿದರೆ ಅದೇ ಸ್ಪ್ರಿಂಗ್ ಎರಡರಷ್ಟು ಬೇಗ ಕುಣಿಯುತ್ತದೆ. ತುಂಬಿದ್ದಾಗ ಸೆಕೆಂಡಿಗೆ ಎರಡು ಸಲ ಏಳುತ್ತಿದ್ದ ಗಾಡಿ ನಾಲ್ಕಕ್ಕೆ ಬರುತ್ತದೆ. ನಾಲ್ಕು ಅಂದರೆ ನಿಮ್ಮ ಬೆನ್ನುಮೂಳೆಯ ಸರಹದ್ದು. ಟೈರಿನಲ್ಲಿರುವುದೂ ತುಂಬಿದ ಲೋಡಿನ ಗಾಳಿಯೇ. ದಿನಗಟ್ಟಲೆ ಖಾಲಿಯೇ ಓಡುವುದಾದರೆ ಟೈರ್ ಕಂಪನಿಯ ಪಟ್ಟಿ ನೋಡಿ ಗಾಳಿ ಇಳಿಸಬಹುದು. ಒಂದು ಟ್ರಿಪ್ಪಿಗಾಗಿ ಬೇಡ, ಮರುದಿನ ತುಂಬುವುದನ್ನು ಮರೆತರೆ ಕೆಲಸ ಕೆಡುತ್ತದೆ. ಖಾಲಿ ಗಾಡಿಯಲ್ಲಿ ಮನೆ ಸೇರುವ ಆತುರಕ್ಕೆ ವೇಗ ಏರುವುದೂ ಒಂದು ಕಾರಣ, ಒಪ್ಪಿಕೊಳ್ಳಿ.

ಪ್ರಶ್ನೆ: ಸೀಟಿನ ಮೇಲೆ ದಪ್ಪ ಫೋಮಿನ ದಿಂಬು ಹಾಕಿಕೊಂಡರೆ ಹೇಗೆ?

ಉತ್ತರ: ಬೇಡ. ಫೋಮು ಸೆಕೆಂಡಿಗೆ ನಾಲ್ಕರ ಸುಮಾರಿನ ಕುಣಿತವನ್ನು ತಗ್ಗಿಸುವ ಬದಲು ಹೆಚ್ಚಿಸುತ್ತದೆ. ಕೂರಲು ಹಿತ ಅನಿಸುತ್ತದೆ, ಅದೇ ಮೋಸ. ಜೊತೆಗೆ ನೀವು ಎತ್ತರವಾಗಿ ಪೆಡಲ್ ದೂರವಾಗುತ್ತದೆ, ಮುಂದಕ್ಕೆ ಬಾಗಿ ಓಡಿಸುತ್ತೀರಿ. ದಿಂಬು ಬೇಕೇ ಬೇಕು ಅಂದರೆ ಚಿಕ್ಕದನ್ನು ಸೊಂಟದ ಹಿಂದೆ ಇಟ್ಟುಕೊಳ್ಳಿ.

ಪ್ರಶ್ನೆ: ಗಾಡಿಯಿಂದ ಇಳಿದ ಕೂಡಲೇ ಮೂಟೆ ಎತ್ತಿದಾಗ ಸೊಂಟ ಹಿಡಿದುಕೊಂಡಿತು. ಕುಲುಕಾಟಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ಇದೆ. ಹೊತ್ತುಗಟ್ಟಲೆ ಕುಲುಕಿಸಿಕೊಂಡು ಕೂತ ಬೆನ್ನಿನ ಸ್ನಾಯು ದಣಿದಿರುತ್ತದೆ. ಕ್ಯಾಬಿನ್ನಿನಿಂದ ಧುಮುಕಬೇಡಿ, ಮೆಟ್ಟಿಲಿಗೆ ಮುಖ ಮಾಡಿ ಹಿಡಿದುಕೊಂಡು ಇಳಿಯಿರಿ. ಹತ್ತು ನಿಮಿಷ ಅಡ್ಡಾಡಿ, ಗಾಡಿಗೊಂದು ಸುತ್ತು ಹಾಕಿ, ಒಳಗಿನ ಟೈರನ್ನೂ ನೋಡಿ, ಆಮೇಲೆ ಮೂಟೆಗೆ ಕೈ ಹಾಕಿ. ಕಾಲು ಜೋಮು ಹಿಡಿದರೆ, ಶಕ್ತಿ ಕಡಿಮೆಯಾದರೆ, ಮೂತ್ರದ ಹತೋಟಿ ತಪ್ಪಿದರೆ ಈ ಅಂಕಣಕ್ಕೆ ಬರೆಯಬೇಡಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ.